ಹನ್ನೆರಡು ಸಲ ತಟ್ಟಿದ ಮೇಲೆ

ಮಾದಪ್ಪ ಸರ್,

ನಿಮ್ಮ ಪಕ್ಕದ ಮೇಜಿನಲ್ಲಿ ಕೂತು ಕೆಲಸ ಕಲಿತ ವಸುಧಾಳ ನಮಸ್ಕಾರ.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಮಾತಾಡಿದರೆ ನಿಮಗೆ ಆಗುತ್ತಿರಲಿಲ್ಲ. ನಿಮ್ಮ ಸಾಲನ್ನು ನಾನು ತಿದ್ದಿದ್ದೇನೆ. ನಮ್ಮ ಕಂಪನಿಯ ಪೆಟ್ಟಿಗೆಯ ಹೆಸರಿನ ಕೆಳಗೆ ನೀವು ಬರೆದಿದ್ದ ಹನ್ನೆರಡು ಎಂಬ ಅಂಕಿ ಈಗ ಅಲ್ಲಿಲ್ಲ. ಅದು ತಪ್ಪಾಗಿತ್ತು. ಆದರೆ ಆ ತಪ್ಪು ನಿಮ್ಮದಲ್ಲ. ಇದನ್ನು ನೀವು ಎದುರಿಗಿದ್ದಾಗ ಹೇಳಲು ನನಗೆ ಐದು ವರ್ಷ ಇತ್ತು. ಹೇಳಲಿಲ್ಲ. ನೀವು ಹೋಗಿ ಹದಿನಾಲ್ಕು ತಿಂಗಳಾದ ಮೇಲೆ ಹೇಳುತ್ತಿದ್ದೇನೆ.

ನಾನು ನೋಯ್ಡಾದ ಆಫೀಸಿಗೆ ಸೇರಿದ ಮೊದಲ ವಾರ ನಿಮಗೆ ನೆನಪಿದೆಯೇ? ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ, ಹತ್ತು ವರ್ಷ ಮಗಳನ್ನು ನೋಡಿಕೊಂಡು ಮನೆಯಲ್ಲಿದ್ದು, ನಲವತ್ತು ದಾಟಿದ ಮೇಲೆ ದೊಡ್ಡ ಸಂಸ್ಥೆಗಳ ಮಾಹಿತಿ ಕೂಡಿಡುವ ಸ್ಟೋರೇಜ್ ಪೆಟ್ಟಿಗೆಗಳನ್ನು ಪರೀಕ್ಷಿಸುವ ಕೋಣೆಗೆ ಬಂದಿದ್ದೆ. ಫ್ರಿಜ್ಜಿನಷ್ಟು ಎತ್ತರದ ಆ ಕಪಾಟುಗಳು, ಕಿವಿ ಗಡಚಿಕ್ಕುವ ಫ್ಯಾನುಗಳು. ಎರಡು ಕೇಬಲ್ ಯಾಕೆ, ಒಂದು ಸಾಲದೇ ಎಂದು ಕೇಳಿದೆ. ನೀವು ನಗಲಿಲ್ಲ. ಸೈನ್ಯದ ಸಿಗ್ನಲ್ಸ್‌ನಲ್ಲಿದ್ದಾಗ ಗುಡ್ಡದ ತುದಿಯ ಪೋಸ್ಟಿಗೆ ಟೆಲಿಫೋನ್ ತಂತಿ ಎಳೆದ ಕಥೆ ಹೇಳಿದಿರಿ. "ಒಂದು ತಂತಿ ಈ ಇಳಿಜಾರಲ್ಲಿ, ಇನ್ನೊಂದು ಆ ಇಳಿಜಾರಲ್ಲಿ. ಈ ಕಡೆ ಹಿಮ ಕುಸಿದ್ರೆ ಆ ಕಡೆಯದು ಮಾತಾಡುತ್ತೆ. ಸರ್ವರ್‌ನಿಂದ ಈ ಪೆಟ್ಟಿಗೆಗೂ ಅಷ್ಟೇ ಕಣ್ರೀ. ಎರಡು ದಾರಿಯನ್ನ ಒಂದೇ ಅಂತ ತೋರಿಸೋ ಸಾಫ್ಟ್‌ವೇರಿಗೆ ಮಲ್ಟಿಪಾತ್ ಅಂತ ಹೆಸರು."

"ಎರಡೂ ತಂತಿ ಸುಮ್ಮನಾದ್ರೆ ಏನು ಮಾಡ್ತಿದ್ರಿ ಸರ್?" ಎಂದು ನಾನು ಕೇಳಿದ್ದು ಸುಮ್ಮನೆ, ಮಾತಿಗೆ. ನೀವು ಕೈಯಲ್ಲಿದ್ದ ಚಹಾ ಲೋಟವನ್ನು ಕೆಳಗಿಟ್ಟಿರಿ. "ಅದೇ ಕಷ್ಟದ ಪ್ರಶ್ನೆ. ಬೇಗ ಕೈಬಿಟ್ರೆ ಬದುಕಿದ್ದೋರನ್ನ ಸತ್ರು ಅಂತ ಬರ್ಕೊಂಡ ಹಾಗೆ. ಕಾಯ್ತಾನೇ ಕೂತ್ರೆ ಇನ್ನೊಂದು ದಾರೀಲಿ ಸಹಾಯ ಕಳಿಸೋ ಹೊತ್ತೂ ಹೋಗುತ್ತೆ. ಎಷ್ಟು ಹೊತ್ತು ಕಾಯಬೇಕು ಅನ್ನೋದನ್ನ ಗುಡ್ಡ ನೋಡಿದೋನೇ ಹೇಳಬೇಕು. ಕೆಳಗೆ ಆಫೀಸಲ್ಲಿ ಕೂತೋನು ಅಲ್ಲ." ನಾನು ಓದಿದ್ದ ಎಷ್ಟೋ ಕವಿತೆಗಳಿಗಿಂತ ಆ ಮಾತು ಆಳಕ್ಕೆ ಹೋಯಿತು. ಹಾಗೆಂದು ಅವತ್ತು ನಿಮಗೆ ಹೇಳಿದ್ದರೆ, "ಬಂದ್ರಪ್ಪಾ ಕವಿಗಳು" ಎನ್ನುತ್ತಿದ್ದಿರಿ. ನಾನು ಬರೆಯುವುದಿಲ್ಲ, ಓದುತ್ತೇನಷ್ಟೆ ಎಂದರೆ, "ಓದೋರೂ ಕವಿಗಳೇ, ಬರೆಯೋ ತಾಪತ್ರಯ ಇಲ್ಲದ ಕವಿಗಳು" ಎಂದು ಇಡೀ ಕೋಣೆಗೆ ಕೇಳುವಂತೆ...

ಗ್ರಾಹಕರೊಬ್ಬರು ಹಳೆಯ ಕೈಪಿಡಿಯಿಂದ ಇಡೀ ಪುಟ ಎತ್ತಿ ತಮ್ಮ ಸೆಟ್ಟಿಂಗ್ಸ್ ಕಡತಕ್ಕೆ ಅಂಟಿಸಿಕೊಂಡಿದ್ದ ದಿನ ನಿಮಗೆ ಬಂದ ಸಿಟ್ಟನ್ನು ನಾನು ಮರೆತಿಲ್ಲ. ಎಂಟು ವರ್ಷ ಹಳೆಯ ಆ ಪುಟ ಸಾಫ್ಟ್‌ವೇರಿನ ಒಳಗೇ ಇದ್ದ ಹೊಸ ಸಾಲನ್ನು ತುಳಿದು ಕೂತಿತ್ತು. ಆವತ್ತೇ ನೀವು ನನಗೆ ಆ ಪಟ್ಟಿಯನ್ನು ತೆರೆದು ತೋರಿಸಿದ್ದು. ಮಲ್ಟಿಪಾತ್ ಎಂದರೆ ಯಾರು ಬೇಕಾದರೂ ಓದಬಹುದಾದ, ತಿದ್ದಲು ಬೇಡಿಕೆ ಇಡಬಹುದಾದ ಮುಕ್ತ ತಂತ್ರಾಂಶ. ಅದರೊಳಗೆ ಜಗತ್ತಿನ ಎಲ್ಲ ಕಂಪನಿಗಳ ಪೆಟ್ಟಿಗೆಗಳ ಹೆಸರು, ಒಂದೊಂದರ ಕೆಳಗೂ ನಾಲ್ಕೈದು ಸಾಲು: ಬಳಸುವವರು ಏನೂ ಹೇಳದೆ ಹೋದರೆ ಈ ಪೆಟ್ಟಿಗೆಯ ಜೊತೆ ಹೇಗೆ ನಡೆದುಕೊಳ್ಳಬೇಕು ಎಂದು. ನಮ್ಮ ಪೆಟ್ಟಿಗೆಯ ಹೆಸರು ನಮ್ಮ ಎದುರಾಳಿ ಕಂಪನಿಗಳೆರಡರ ನಡುವೆ ಇತ್ತು. "ಇದನ್ನ ಯಾರೂ ಓದಲ್ಲ. ಓದದೇ ಇರೋರಿಗೋಸ್ಕರಾನೇ ಬರೆಯೋದು. ಅವ್ರು ನಮ್ಮನ್ನ ಕೇಳಲೂ ಇಲ್ಲ, ನಂಬಿ ಬಿಟ್ಟಿದ್ದಾರೆ. ಅದಕ್ಕೇ ಇಲ್ಲಿ ಅಂದಾಜು ನಡೆಯಲ್ಲ." ಹಾಗೆ ಹೇಳಿದ್ದಿರಿ. ನಾನು ತಲೆಯಾಡಿಸಿದ್ದೆ.

ಮಾರ್ಚ್ ತಿಂಗಳ ಆ ಗುರುವಾರವನ್ನು ನೀವು ಮರೆತಿರಬಹುದು. ನಾನು ಮರೆಯಲು ನೋಡಿದ್ದೇನೆ. ಹೊಸ ಮಾದರಿಯ ಪೆಟ್ಟಿಗೆ ಬಂದಿತ್ತು. ಅದರ ಮೆದುಳಿನಂತಿರುವ, ದಾರಿಗೊಂದರಂತೆ ಎರಡು ಕಂಟ್ರೋಲರುಗಳೂ ಒಟ್ಟಿಗೆ ಹೊಸದಾಗಿ ಎದ್ದು ಕೂರಬೇಕಾದರೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವ ಕೆಲಸ ನನ್ನದು. ಅಷ್ಟು ಹೊತ್ತು ಎರಡೂ ದಾರಿ ಮುಚ್ಚಿರುತ್ತವೆ. ಸಾಫ್ಟ್‌ವೇರ್ ಐದು ಸೆಕೆಂಡಿಗೊಮ್ಮೆ ಬಾಗಿಲು ತಟ್ಟಿ ನೋಡುತ್ತದೆ. ಎಷ್ಟು ಸಲ ತಟ್ಟಿ ಕೈಬಿಡಬೇಕು ಎಂಬುದು ನನ್ನ ಅಳತೆಯ ಮೇಲೆ ನಿಂತಿತ್ತು. ನಾನು ಅಳೆದೆ, ನಲವತ್ತೊಂದು ಸೆಕೆಂಡು. ಅಳೆದದ್ದು ನಿಜ. ಆದರೆ ಆ ವಾರ ಡಿಸ್ಕುಗಳ ಡ್ರಾಯರುಗಳು, ಒಂದನ್ನು ಬಿಟ್ಟು, ಪ್ರದರ್ಶನವೊಂದಕ್ಕೆ ಹೋಗಿದ್ದವು. ಮೇಲಿನ ಒಂದೇ ಡ್ರಾಯರಿನಲ್ಲಿ ಬೆರಳೆಣಿಕೆಯ ಡಿಸ್ಕುಗಳಿದ್ದವು. ಉಳಿದದ್ದು ಖಾಲಿ ಕಪಾಟು. ಡಿಸ್ಕು ಹೆಚ್ಚಿದಷ್ಟೂ ಪೆಟ್ಟಿಗೆ ಏಳುವುದು ತಡ.

ಸಂಜೆ ಐದಕ್ಕೆ ನಾನು ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತುತ್ತಿದ್ದಾಗ ನಿಮ್ಮ ಫೋನ್ ಬಂತು. ಬದಲಾವಣೆಯನ್ನು ನಾಳೆಯೇ ಕಳಿಸಬೇಕು, ಮುಂದಿನ ಆವೃತ್ತಿ ಮುಚ್ಚುತ್ತಿದ್ದಾರೆ ಎಂದಿರಿ. "ವಸುಧಾ ಅವ್ರೇ, ಡ್ರಾಯರ್ ಎಲ್ಲ ತುಂಬಿ ಅಳೆದದ್ದು ತಾನೇ?" ಹಿಂದಿನಿಂದ ಜನ ತಳ್ಳುತ್ತಿದ್ದರು. ಮೂರು ದಿನದಿಂದ ನೀವು ಅಂಕಿ ಕೇಳುತ್ತಿದ್ದಿರಿ, ನಾಳೆ ನಾಳೆ ಎಂದು ನಾನು ಆವತ್ತಷ್ಟೇ ಕೊಟ್ಟಿದ್ದೆ. ಇಲ್ಲ ಎಂದರೆ ಇನ್ನೊಂದು ವಾರದ ಮಾತು. "ಹೂಂ ಸರ್" ಎಂದೆ. ಅಷ್ಟೇ. ಡ್ರಾಯರುಗಳು ಮರಳಿ ಬಂದ ಮೇಲೆ ಇನ್ನೊಮ್ಮೆ ಅಳೆದುಬಿಡುತ್ತೇನೆ, ವ್ಯತ್ಯಾಸವಿದ್ದರೆ ಆಗ ಹೇಳುತ್ತೇನೆ ಎಂದುಕೊಂಡಿದ್ದೆ. ಡ್ರಾಯರುಗಳು ಬಂದವು. ಅಷ್ಟು ಹೊತ್ತಿಗೆ ಬೇರೆ ಕೆಲಸ ಬಂದಿತ್ತು. ಆಮೇಲೆ...

ಮರುದಿನ ನೀವು ಕಳಿಸುವ ಮುಂಚೆ ನನ್ನನ್ನು ಕರೆದು ಪರದೆ ತೋರಿಸಿದಿರಿ. ನಲವತ್ತೊಂದರ ಮೇಲೆ ಅರ್ಧದಷ್ಟು ಧಾರಾಳ ಸೇರಿಸಿ ಒಂದು ನಿಮಿಷ, ಅಂದರೆ ಹನ್ನೆರಡು ಸಲ. ಕೊನೆಯಲ್ಲಿ ನಿಮ್ಮ ಹೆಸರು. ಆ ತಂತ್ರಾಂಶ ನೋಡಿಕೊಳ್ಳುವ ಬಳಗದ ಪದ್ಧತಿ ಅದು: ಬದಲಾವಣೆ ಬರೆದವರು ಕೆಳಗೆ ಹೆಸರು ಹಾಕಲೇಬೇಕು, ಪರೀಕ್ಷೆ ಮಾಡಿದವರು ಬೇರೆಯವರಾದರೆ ಅವರಿಗೂ ಒಂದು ಸಾಲು. "ಇಲ್ಲಿ ನಿಮ್ಮ ಹೆಸರು ಹಾಕ್ತೀನಿ" ಎಂದಿರಿ. ನಾನು ಬೇಡ ಎಂದೆ. "ಯಾಕ್ರೀ? ಜಗತ್ತೇ ನೋಡುತ್ತೆ." "ಅದಕ್ಕೇ ಬೇಡ ಸರ್" ಎಂದು ನಕ್ಕೆ. ಸಂಕೋಚ ಎಂದುಕೊಂಡಿರಿ ನೀವು. ಮನೆಗೆ ಹೋಗಿ ಹೆಂಡತಿ ಬೋಜಮ್ಮಕ್ಕನಿಗೂ ಹಾಗೇ ಹೇಳಿದಿರಂತೆ, ಎಷ್ಟು ವಿನಯದ ಹೆಂಗಸು ಎಂದು. ಆ ಮಾತನ್ನು ಅಕ್ಕ ನನಗೆ ಖುಷಿಯಿಂದ ತಿಳಿಸಿದ ದಿನ ನನಗೆ ನಿಮ್ಮ ಮನೆಯ ಊಟ ಇಳಿಯಲಿಲ್ಲ.

ನಿಮ್ಮ ಸಂತಾಪ ಸಭೆಯಲ್ಲಿ, ಕಳೆದ ವರ್ಷ, ನಮ್ಮ ಮ್ಯಾನೇಜರ್ ವಿಕ್ರಾಂತ್ ಎದ್ದು ನಿಂತು ಒಂದು ಮಾತು ಕೊಟ್ಟ. ಪರೀಕ್ಷಾ ಕೋಣೆಗೆ ನಿಮ್ಮ ಹೆಸರಿಡುತ್ತೇವೆ, ಬಾಗಿಲ ಮೇಲೆ ಹಿತ್ತಾಳೆ ಫಲಕ ಹಾಕುತ್ತೇವೆ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು, ಸಂತಾಪ ಸಭೆ ಎಂಬುದು ಮರೆತು. ಬೋಜಮ್ಮಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ಬಗ್ಗಿ, "ಅವರ ಯೂನಿಟ್ಟಿನಲ್ಲೂ ಇಷ್ಟು ಮಾಡಿರಲಿಲ್ಲ" ಎಂದರು. ನಾನೂ ಚಪ್ಪಾಳೆ ತಟ್ಟಿದೆ. ನಿಜವಾಗಿಯೂ ಸಂತೋಷಪಟ್ಟೆ. ಹನ್ನೆರಡರ ನೆನಪೇ ಬರಲಿಲ್ಲ ಎಂದರೆ ನಂಬುತ್ತೀರಾ? ಮನುಷ್ಯರು ಹೀಗೂ ಇರುತ್ತಾರೆ ಸರ್.

ಈ ಏಪ್ರಿಲ್‌ನ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು ದೆಹಲಿಯ ದ್ವಾರಕಾದ ಮನೆಯಲ್ಲಿ ದೋಸೆ ಹುಯ್ಯುತ್ತಿದ್ದೆ. ಸಪೋರ್ಟ್ ವಿಭಾಗದ ನಾಜಿಯಾ ಫೋನ್ ಮಾಡಿದಳು. ನಮ್ಮ ಶಿವಮೊಗ್ಗದ ಹುಡುಗಿ, ನೀವು ಹೋದ ಮೇಲೆ ಸೇರಿದವಳು. ಅವಳ ಧ್ವನಿಯೇ ಸರಿಯಿರಲಿಲ್ಲ. ಗಾಜಿಯಾಬಾದ್ ಕಡೆಯ ಒಂದು ಆಸ್ಪತ್ರೆಯಲ್ಲಿ ನಮ್ಮವರೇ ಪೆಟ್ಟಿಗೆಯ ಫರ್ಮ್‌ವೇರ್, ಅಂದರೆ ಅದರೊಳಗಿನ ಸಾಫ್ಟ್‌ವೇರ್, ಬದಲಾಯಿಸಿದ್ದರು. ಎಂದೂ ಒಟ್ಟಿಗೆ ಮಲಗದ ಎರಡು ಕಂಟ್ರೋಲರುಗಳನ್ನೂ ಈ ಸಲದ ಬದಲಾವಣೆ ಒಟ್ಟಿಗೆ ಮಲಗಿಸಿ ಎಬ್ಬಿಸಿತ್ತು. ಅವು ಏಳುವ ಮುಂಚೆಯೇ ಸರ್ವರ್ ಕೈಬಿಟ್ಟಿತ್ತು. "ಮೇಡಂ, ಲ್ಯಾಬಿನ ಡೇಟಾಬೇಸ್ ಬರೆಯೋಕೇ ಬಿಡ್ತಿಲ್ಲ. ರಕ್ತದ ರಿಪೋರ್ಟ್ ಎಲ್ಲ ನಿಂತಿದೆ. ಅವರು ಕಾಗದದ ಮೇಲೆ ಬರ್ಕೋತಿದ್ದಾರೆ. ಒಬ್ರು ಆಪರೇಷನ್ ಟೇಬಲ್ ಹತ್ರ ಕಾಯ್ತಿದ್ದಾರಂತೆ, ರಕ್ತ ಹೊಂದುತ್ತೋ ಇಲ್ವೋ ಅಂತ ಗೊತ್ತಾಗಬೇಕು." ಹಿಂದೆ ಯಾರೋ ಹಿಂದಿಯಲ್ಲಿ ಕೂಗಾಡುತ್ತಿದ್ದುದು ಕೇಳಿಸಿತು. "ಅವರ ಸೆಟ್ಟಿಂಗ್ಸ್ ಕಡತದಲ್ಲಿ ಏನಿದೆ?" ಎಂದೆ. "ಕಡತವೇ ಇಲ್ಲ ಮೇಡಂ. ಖಾಲಿ. ಡೀಫಾಲ್ಟ್ ಮೇಲೇ ಓಡ್ತಿದ್ರು." ಕಾವಲಿಯ ಮೇಲಿನ ದೋಸೆ ಸುಟ್ಟ ವಾಸನೆ ಬಂದರೂ ನನ್ನ ಕೈ ಅದರ ಕಡೆ ಹೋಗಲಿಲ್ಲ. ಡೀಫಾಲ್ಟ್. ಅಂದರೆ ಪಟ್ಟಿಯಲ್ಲಿದ್ದ ನಮ್ಮ ಸಾಲು. ಕೇಳದೆ ನಂಬಿದವರು.

ಐದು ಗಂಟೆ ಹಿಡಿಯಿತು ಎಲ್ಲ ಸರಿಯಾಗಲು. ಕಾಯುತ್ತಿದ್ದವರು ಒಬ್ಬ ಹೆಂಗಸು. ಅವರ ರಕ್ತವನ್ನು ಕೈಯಲ್ಲೇ ಎರಡು ಸಲ ಪರೀಕ್ಷಿಸಿ ಸಂಜೆ ಆಪರೇಷನ್ ಮಾಡಿದರು. ಉಳಿದರು. ಅವರ ಹೆಸರೇನೆಂದು ನಾನು ನಾಜಿಯಾಳನ್ನು ಕೇಳಿದೆ, ಹೇಳುವಂತಿಲ್ಲ ಎಂದಳು. ಸರಿಯೇ. ಆದರೂ ಮೂರು ದಿನ ಮೆಟ್ರೋದಲ್ಲಿ ಎದುರಿಗೆ ಕೂತ ಹೆಂಗಸರ ಮುಖಗಳನ್ನು ನೋಡುತ್ತಾ ಹೋದೆ. ಉಳಿಯದೆ ಹೋಗಿದ್ದರೆ? ಈ ಕಾಗದ ಬರೆಯುತ್ತಿದ್ದೆನೇ ನಾನು? ಅಥವಾ ಇನ್ನೂ ಸುಮ್ಮನೆ...

ಸೋಮವಾರದ ಮೀಟಿಂಗಿನಲ್ಲಿ ವಿಕ್ರಾಂತ್ ಆ ಸಾಲನ್ನು ದೊಡ್ಡ ಪರದೆಯ ಮೇಲೆ ಹಾಕಿದ. ಕೆಳಗೆ ನಿಮ್ಮ ಹೆಸರು, ಒಂದೇ ಹೆಸರು. "ಯೇ ದೇಖಿಯೇ. ಹನ್ನೆರಡು ಅಂತ ಹಾಕಿದ್ದು ಮಾದಪ್ಪ ಸಾಬ್. ಎಲ್ಲಿಂದ ಬಂತು ಈ ನಂಬರ್? ಫೌಜಿ ಲೆಕ್ಕ, ಮಿಲಿಟರಿ ಅಂದಾಜು ಇರಬೇಕು" ಎಂದ. ಇಬ್ಬರು ನಕ್ಕರು. ಅವನಿಗೆ ಕೆಟ್ಟ ಮನಸ್ಸಿಲ್ಲ ಸರ್. ಆಸ್ಪತ್ರೆಗೆ ಬರೆದು ಕೊಡಬೇಕಾದ ವರದಿ ಅವನ ತಲೆಯ ಮೇಲಿತ್ತು. "ವರದಿಯಲ್ಲಿ ಹೀಗೆ ಬರೆಯೋಣ: ಈಗ ನಮ್ಮಲ್ಲಿಲ್ಲದ ಹಿರಿಯ ಉದ್ಯೋಗಿಯೊಬ್ಬರು ಸರಿಯಾದ ಪರೀಕ್ಷೆ ಇಲ್ಲದೆ ಕಳಿಸಿದ್ದು. ಇರೋರಿಗೆ ಯಾರಿಗೂ ತೊಂದರೆ ಇಲ್ಲ. ಅವರಿಗೂ ಈಗ ಏನಾಗಬೇಕಾಗಿದೆ?" ನನ್ನ ಕಡೆ ತಿರುಗಿ, "ವಸುಧಾಜೀ, ನೀವು ಅವರ ಜೊತೆ ಇದ್ದವರು. ಟೆಸ್ಟ್ ಆಗಿತ್ತಾ?" ಎಂದ. ಕೋಣೆಯಲ್ಲಿ ಎಂಟು ಜನರಿದ್ದರು. "ಹಳೇ ಫೈಲ್ ನೋಡಬೇಕು" ಎಂದೆ. ಎರಡನೇ ಸಲ, ಸರ್. ಮೊದಲನೇ ಸಲ ಮೆಟ್ಟಿಲ ಮೇಲೆ ಜನ ತಳ್ಳುತ್ತಿದ್ದರು ಎನ್ನಬಹುದು. ಈ ಸಲ ಯಾರು ತಳ್ಳಿದರು?

ಗುರುವಾರ ಬೋಜಮ್ಮಕ್ಕ ಬರಹೇಳಿದರು. ನಿಮ್ಮ ಸೊಸೈಟಿಯ ಗೇಟಿನಲ್ಲಿ ಕಾವಲಿನವನು ಇನ್ನೂ ನನ್ನನ್ನು "ಮೇಜರ್ ಸಾಬ್ ಕೇ ಆಫೀಸ್‌ವಾಲೀ" ಎಂದೇ ರಿಜಿಸ್ಟರಿನಲ್ಲಿ ಬರೆಯುತ್ತಾನೆ. ನೀವು ಸುಬೇದಾರ್ ಎಂದು ಎಷ್ಟು ಸಲ ತಿದ್ದಿದ್ದರೂ ಅವನಿಗೆ ಮೇಜರೇ. ನಾನು ಕುರ್ಚಿಯಲ್ಲಿ ಕೂರುತ್ತಿದ್ದಂತೆಯೇ ಅಕ್ಕ ಕೇಳಿದರು: "ಆಫೀಸಿಂದ ಫೋನ್ ಬಂದಿತ್ತು. ಫಲಕದ ಕಾರ್ಯಕ್ರಮ ಸದ್ಯಕ್ಕೆ ಬೇಡ ಅಂದ್ರು. ಕಾರಣ ಕೇಳಿದ್ರೆ, ಒಳಗಿನ ವಿಚಾರಣೆ ಅಂತ. ಇವರು ಏನಾದ್ರೂ ತಪ್ಪು ಮಾಡಿದ್ರಾ ವಸುಧಾ?" ಮೇಜಿನ ಮೇಲೆ ಮಡಚಿಟ್ಟ ಸೀರೆ ಇತ್ತು, ಫಲಕದ ದಿನ ಕೊಡಗಿನ ರೀತಿಯಲ್ಲಿ ಹಿಂದೆ ನೆರಿಗೆ ಹಾಕಿ ಉಡಲು ಕರೋಲ್ ಬಾಗಿನಿಂದ ಹೊಸದಾಗಿ ತಂದದ್ದು. "ಅಂಥದ್ದೇನಿಲ್ಲ ಅಕ್ಕಾ" ಎಂದೆ. ಮೂರನೇ ಸಲ. ಅವರು ನನ್ನ ಮುಖವನ್ನೇ ನೋಡಿದರು. "ಇಲ್ಲ ಅಂದ್ಮೇಲೆ ನೀನ್ಯಾಕೆ ಬೆವರ್ತಿದ್ದೀಯ?" ಎಂದರು.

ಮರುದಿನ ಬೆಳಿಗ್ಗೆ ನಾಜಿಯಾ ನನ್ನ ಮೇಜಿಗೆ ಬಂದು ಕುರ್ಚಿ ಎಳೆದುಕೊಂಡಳು. ನಿಮ್ಮ ಕುರ್ಚಿಯೇ. "ಮೇಡಂ, ಹಳೇ ಲಾಗ್ ಸಿಕ್ತು. ಪೆಟ್ಟಿಗೇನೇ ಬರೆದುಕೊಂಡಿರೋದು. ಆ ದಿನ ಒಂದೇ ಡ್ರಾಯರ್ ಇತ್ತು." ಲಾಗಿನ ಮೊದಲ ಸಾಲಿನಲ್ಲೇ ಪರೀಕ್ಷೆ ಶುರು ಮಾಡಿದವರ ಹೆಸರು ಇರುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. "ಬೇರೆ ಯಾರಿಗೂ ತೋರಿಸಿಲ್ಲ" ಎಂದಳು ಮೆಲ್ಲಗೆ. ಅದನ್ನು ಹೇಳಿದ್ದು ಕರುಣೆಯಿಂದ. ನಾನು ಬಾಯಿ ಬಿಡದಿದ್ದರೆ ಇವಳೂ ನನ್ನ ಜೊತೆ ಸುಮ್ಮನಿರಬೇಕು. ಇಪ್ಪತ್ತಾರು ವರ್ಷದವಳು. ಅವಳಿಗೆ ನಾನು ಕಲಿಸುವುದು ಇದನ್ನೇ? "ತೋರಿಸು. ಬೇಡ, ನಾನೇ ತೋರಿಸ್ತೀನಿ. ಅದಕ್ಕೆ ಮುಂಚೆ ಅಳೆಯೋಣ ಬಾ" ಎಂದೆ.

ಪೆಟ್ಟಿಗೆಯ ಡ್ರಾಯರುಗಳನ್ನೆಲ್ಲ ತುಂಬಲು ನಮಗೆ ಮಧ್ಯಾಹ್ನದವರೆಗೆ ಬೇಕಾಯಿತು. ನೀವು ಬೈಯುತ್ತಿದ್ದ ಹಾಗೆಯೇ ಮೂರನೇ ಡ್ರಾಯರಿನ ಹಳಿ ಈಗಲೂ ಕಚ್ಚಿಕೊಳ್ಳುತ್ತದೆ. ಎರಡು ಕಂಟ್ರೋಲರುಗಳನ್ನೂ ಒಟ್ಟಿಗೆ ಮಲಗಿಸಿ ಗಡಿಯಾರ ಒತ್ತಿದೆವು. ನಲವತ್ತೊಂದು ದಾಟಿತು. ಅರವತ್ತಕ್ಕೆ ಪರದೆಯ ಮೇಲೆ ಕೆಂಪು ಸಾಲುಗಳು ಸುರಿಯತೊಡಗಿದವು. ಹನ್ನೆರಡು ಸಲ ತಟ್ಟಿ ಸರ್ವರ್ ಕೈಬಿಟ್ಟಿತ್ತು. ಒಳಗೆ ಪೆಟ್ಟಿಗೆ ಒಂದೊಂದೇ ಡಿಸ್ಕನ್ನು ಮಾತಾಡಿಸುತ್ತಾ, ಇನ್ನೂ ಬದುಕಿ, ಏಳುತ್ತಲೇ ಇತ್ತು. ಗಡಿಯಾರ ನಿಂತದ್ದು ಎರಡು ನಿಮಿಷ ಎಂಟು ಸೆಕೆಂಡಿಗೆ. ಏಳು ಸಲ ಅಳೆದೆವು. ನಾಜಿಯಾ ಪ್ರತಿ ಅಂಕಿಯ ಪಕ್ಕದಲ್ಲೂ "ಡ್ರಾಯರ್ ಪೂರ್ತಿ" ಎಂದು ಬರೆದಳು. ನಾನು ಹೇಳಿರಲಿಲ್ಲ.

ವಿಕ್ರಾಂತನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಾಗ ಅವನು ಫೋನಿನಲ್ಲಿದ್ದ. ಕೈಸನ್ನೆಯಲ್ಲಿ ಕೂರಿ ಎಂದ. ಕೂರದೆ ನಿಂತೇ ಹೇಳಿದೆ. "ಆ ಅಳತೆ ನನ್ನದು. ಖಾಲಿ ಪೆಟ್ಟಿಗೆ. ಅವರು ಕೇಳಿದರು, ತುಂಬಿದೆ ಅಂತ ನಾನು ಸುಳ್ಳು ಹೇಳಿದೆ." ಅವನು ಫೋನ್ ಕೆಳಗಿಟ್ಟ. "ಅಚ್ಛಾ" ಎಂದ. ಆಮೇಲೆ, "ನಿಮ್ಮ ಪ್ರಮೋಷನ್ ಕಾಗದ ಮೇಲಿನವರ ಹತ್ತಿರ ಇದೆ, ಗೊತ್ತಲ್ಲ? ವಸುಧಾಜೀ, ಅವರು ಹೋಗಿಬಿಟ್ಟಿದ್ದಾರೆ. ಇದನ್ನ ಯಾರೂ ಕೇಳೋದಿಲ್ಲ" ಎಂದ. "ಅವರು ಕೇಳಿದ್ದರು. ಕೇಳಿದವರು ಅವರೊಬ್ಬರೇ" ಎಂದೆ. ನನ್ನ ಧ್ವನಿ ಏರಿತ್ತು. ಹೊರಗೆ ಜನ ತಲೆ ಎತ್ತಿ ನೋಡಿದ್ದು ಗಾಜಿನಾಚೆ ಕಾಣಿಸಿತು. ವರದಿಯ ಆ ವಾಕ್ಯವನ್ನು ಅವನು ನನ್ನೆದುರಿಗೇ ಅಳಿಸಿದ. ಅಲ್ಲಿ ನನ್ನ ಹೆಸರು ಬರೆಯುವಾಗ ಅವನ ಬೆರಳು ಒಂದು ಕ್ಷಣ ತಡೆದದ್ದನ್ನು ನೋಡಿದೆ. ಪ್ರಮೋಷನ್ ಬರಲಿಲ್ಲ. ಇನ್ನು ಮೇಲೆ ನನ್ನ ಅಳತೆಗಳಿಗೆ ಇನ್ನೊಬ್ಬರ ಸಹಿ ಬೇಕು ಎಂದು ಆದೇಶ ಬಂದಿದೆ. ಆ ಇನ್ನೊಬ್ಬರು ನಾಜಿಯಾ.

ಆ ಶನಿವಾರವೇ ಬೋಜಮ್ಮಕ್ಕನ ಮನೆಗೆ ಹೋದೆ. ಕಂಪನಿಯ ಬಾಯಿಂದ ಕೇಳುವ ಮುಂಚೆ ನನ್ನ ಬಾಯಿಂದ ಕೇಳಲಿ ಎಂದು. ಎಲ್ಲ ಹೇಳಿ ಮುಗಿಸುವವರೆಗೂ ಅವರು ಹುರುಳಿಕಾಯಿ ಮುರಿಯುತ್ತಿದ್ದರು. "ಅವರು ಇದ್ದಿದ್ರೆ ಬೈತಿದ್ರು. ನಂಗೆ ಆ ಪೆಟ್ಟಿಗೆ ಗಿಟ್ಟಿಗೆ ಗೊತ್ತಿಲ್ಲ, ಬೈಯೋಕೂ ಬರಲ್ಲ" ಎಂದರು. ಕೈಯಲ್ಲಿದ್ದ ಕಾಯಿ ಮುರಿದು ಹಾಕಿ, "ಮೊನ್ನೆ ಇದೇ ಕುರ್ಚೀಲಿ ಕೂತು ಏನಿಲ್ಲ ಅಂದೆಯಲ್ಲ. ಅದು ಗೊತ್ತಾಗುತ್ತೆ ನಂಗೆ" ಎಂದರು. ಕಾಫಿ ಕೊಟ್ಟರು. ಎಂದಿನಂತೆ ಲಿಫ್ಟಿನವರೆಗೆ ಬರಲಿಲ್ಲ. ಬಾಗಿಲು ಹಾಕಿಕೊಂಡ ಸದ್ದು ಬೆನ್ನಿಗೆ ಬಿತ್ತು. ಆ ದಿನ ನಾನು ಬೇರೇನನ್ನು ನಿರೀಕ್ಷಿಸಬಹುದಿತ್ತು?

ನೀವು ಬದಲಾವಣೆಯ ಅಂಕಿಗಿಂತ ಅದರ ಮೇಲಿನ ವಿವರಣೆಗೇ ಹೆಚ್ಚು ಹೊತ್ತು ತಗೊಳ್ಳುತ್ತಿದ್ದುದು ಯಾಕೆಂದು ಆ ವಾರ ಅರ್ಥವಾಯಿತು. ಹನ್ನೆರಡನ್ನು ಮೂವತ್ತಾರು ಮಾಡಲು ಎರಡು ಕೀಲಿ ಒತ್ತಿದರೆ ಸಾಕು. ಮೂವತ್ತಾರು ಸಲ ಅಂದರೆ ಮೂರು ನಿಮಿಷ ಕಾಯಬೇಕು, ನಿಮ್ಮ ಹಾಗೆಯೇ ಅಳತೆಯ ಮೇಲೆ ಧಾರಾಳ ಸೇರಿಸಿ. ವಿವರಣೆ ಬರೆಯಲು ಎರಡು ದಿನ ಬೇಕಾಯಿತು. ಹಿಂದಿನ ಯಾವ ಬದಲಾವಣೆಯನ್ನು ಇದು ಸರಿಪಡಿಸುತ್ತದೆ ಎಂದು ಹೇಳುವ ಸಾಲೊಂದು ಇರಬೇಕಲ್ಲ, ಅಲ್ಲಿ ನಿಮ್ಮ ಬದಲಾವಣೆಯನ್ನೇ ಹೆಸರಿಸಬೇಕಿತ್ತು. ಅದನ್ನು ಬಿಟ್ಟುಬಿಡಲು ನೋಡಿದೆ. ಬಿಟ್ಟರೆ ಅದೂ ಮುಚ್ಚಿಡುವುದೇ. ಹಾಗಾಗಿ ಅದರ ಮೇಲೆ ಬರೆದೆ: ಹಿಂದಿನ ಅಂಕಿ ನಾನು ಮಾಡಿದ ಅಳತೆಯಿಂದ ಬಂದದ್ದು, ಆಗ ಪೆಟ್ಟಿಗೆ ಬಹುಪಾಲು ಖಾಲಿಯಿತ್ತು, ಅದನ್ನು ಕಳಿಸಿದವರಿಗೆ ನಾನು ತುಂಬಿದೆ ಎಂದು ತಿಳಿಸಿದ್ದೆ. ಇಂಗ್ಲಿಷಿನಲ್ಲಿ ಬರೆದಾಗ ಅದು ಎಷ್ಟು ಚಿಕ್ಕದಾಗಿ ಕಾಣುತ್ತಿತ್ತು ಸರ್. ಮೂರೇ ವಾಕ್ಯ. ಕಳಿಸುವ ಗುಂಡಿ ಒತ್ತಿದೆ.

ಎರಡನೇ ದಿನ ಆ ಸಾಫ್ಟ್‌ವೇರನ್ನು ನೋಡಿಕೊಳ್ಳುವವರ ಉತ್ತರ ಬಂತು. ಯಾವ ದೇಶದಲ್ಲಿ ಕೂತಿದ್ದಾರೋ, ಮುಖ ಕಂಡವರಲ್ಲ. ಗದರಿಸುತ್ತಾರೆ ಎಂದುಕೊಂಡಿದ್ದೆ. ಸುಳ್ಳಿನ ಬಗ್ಗೆ ಒಂದು ಮಾತೂ ಇರಲಿಲ್ಲ. ಏಳು ಅಳತೆಗಳನ್ನೂ ವಿವರಣೆಯಲ್ಲಿ ಸೇರಿಸಿ ಎಂದು ಕೇಳಿದ್ದರು. ಕೊನೆಯಲ್ಲಿ, ಮಾದಪ್ಪ ಅವರ ವಿಳಾಸಕ್ಕೆ ಪ್ರತಿ ಕಳಿಸಿದೆ, ಅದು ವಾಪಸ್ ಬಂತು, ಈ ಪೆಟ್ಟಿಗೆಯ ಬಗ್ಗೆ ಏನು ಕೇಳಿದರೂ ಒಂದೇ ದಿನದಲ್ಲಿ ಉತ್ತರಿಸುತ್ತಿದ್ದರು, ಆರೋಗ್ಯವಾಗಿದ್ದಾರೆ ತಾನೇ, ಎಂದು. ಅವರಿಗೆ ಗೊತ್ತೇ ಇರಲಿಲ್ಲ. ಕಂಪನಿಯಲ್ಲಿ ಸಭೆ ಮಾಡಿ ಚಪ್ಪಾಳೆ ತಟ್ಟಿದ ನಮಗೆ ಯಾರಿಗೂ ಅವರಿಗೆ ತಿಳಿಸಬೇಕೆಂದು ತೋಚಿರಲಿಲ್ಲ. ತಿಳಿಸಿದೆ. ಆ ಪಟ್ಟಿಯಲ್ಲಿ ನಮ್ಮ ಮೇಲಿನ ಸಾಲು, ಕೆಳಗಿನ ಸಾಲು ಬರೆದ ಎದುರಾಳಿ ಕಂಪನಿಗಳವರೂ ಸೇರಿ ಒಂಬತ್ತು ಜನ ಒಬ್ಬೊಬ್ಬರಾಗಿ ಬರೆದರು. ಒಬ್ಬರು, ತಮ್ಮ ಪೆಟ್ಟಿಗೆಯ ಒಂದು ತಪ್ಪನ್ನು ನೀವು ಸದ್ದಿಲ್ಲದೆ ಪತ್ರದಲ್ಲಿ ತೋರಿಸಿಕೊಟ್ಟಿದ್ದಿರಿ ಎಂದಿದ್ದರು. ನಮಗೆ ಹೇಳಲೇ ಇಲ್ಲವಲ್ಲ ನೀವು!

ಆ ಒಂಬತ್ತು ಪತ್ರಗಳನ್ನು ಮುದ್ರಿಸಿಕೊಂಡು ಹೋಗಿ ಬೋಜಮ್ಮಕ್ಕನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಬಾಗಿಲಲ್ಲಿ ಹೆದರಿ ನಿಂತಿದ್ದೆ. ಬಿಟ್ಟರು. ಎಲ್ಲ ಕೇಳಿದರು. "ಇಷ್ಟು ದೇಶದೋರಿಗೆ ಒಂದೇ ದಿನದಲ್ಲಿ ಉತ್ತರ ಕೊಡ್ತಿದ್ದೋರು, ನಾನು ಗೀಸರ್ ಆರಿಸಿದ್ರಾ ಅಂತ ಕೇಳಿದ್ರೆ ಅರ್ಧ ಗಂಟೆ ಬೇಕಿತ್ತು" ಎಂದರು. ನಗುತ್ತಾ ಹೇಳಿದ್ದು ಅಳುವಿನಲ್ಲಿ ಮುಗಿಯಿತು. ಫಲಕದ ಕಾರ್ಯಕ್ರಮಕ್ಕೆ ಮತ್ತೆ ಕರೆ ಬಂದಿದೆ. ಬರುತ್ತಾರಂತೆ. ನನ್ನನ್ನು ಕ್ಷಮಿಸಿದ್ದಾರೋ ಎಂದು ನಾನು ಕೇಳಿಲ್ಲ, ಅವರು ಹೇಳಿಲ್ಲ.

ಬದಲಾವಣೆ ಸೇರಿದೆ ಸರ್. ಹೊಸ ಆವೃತ್ತಿ ಹಾಕಿಕೊಂಡವರ ಪಾಲಿಗೆ ನಮ್ಮ ಪೆಟ್ಟಿಗೆ ಇನ್ನು ಮೂವತ್ತಾರು. ಹಳೆಯದರಲ್ಲೇ ಇರುವವರಿಗೆ ನಾಜಿಯಾ ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದಾಳೆ. ಇವತ್ತು ಬೆಳಿಗ್ಗೆ ಆ ಬಳಗದಲ್ಲಿ ಒಂದು ಪ್ರಶ್ನೆ ಬಂದಿದೆ, ನೇರ ನನಗೆ. ನಮ್ಮ ಮುಂದಿನ ಮಾದರಿಯಲ್ಲಿ ಡ್ರಾಯರುಗಳು ಇಮ್ಮಡಿಯಂತೆ, ಅದಕ್ಕೂ ಮೂವತ್ತಾರು ಸಾಕೇ ಎಂದು ಯಾರೋ ಕೇಳಿದ್ದಾರೆ. ವಿಕ್ರಾಂತ್ ಬೆನ್ನ ಹಿಂದೆ ನಿಂತು ಓದಿದ. "ಸಾಕು ಅಂತ ಬರೀರಿ, ಚಲೋ. ಶುಕ್ರವಾರ ಬಿಡುಗಡೆ ಇದೆ" ಎಂದ. ನಾನು ಬರೆದ ಉತ್ತರ ಇದು: ಗೊತ್ತಿಲ್ಲ. ಆ ಪೆಟ್ಟಿಗೆಯನ್ನು ನಾನಿನ್ನೂ ಅಳೆದಿಲ್ಲ. ಅಳೆದು ಹೇಳುತ್ತೇನೆ.

ಹೊಸ ಡ್ರಾಯರುಗಳು ಬರುವುದು ಮಂಗಳವಾರ. ಅಲ್ಲಿಯವರೆಗೆ ಅವರು ಕಾಯುತ್ತಾರೆ. ವಿಕ್ರಾಂತನೂ ಕಾಯಬೇಕು.

ವಸುಧಾ